ಮೇಲೆ ಸೂರಿದೆ, ಕೆಳಗೆ ನೆಲ ಇಲ್ಲ

ಒಂದು ದಸರಾ ರಜೆಯಲ್ಲಿ ನಾವು ನಾಲ್ಕು ಜನ ಮರಳವಾಡಿಗೆ ಹೋಗಿದ್ವಿ. ನಮ್ಮ ನಾಲ್ವರಲ್ಲಿ ಒಬ್ಬನ ಊರು ಅದು. ಊರಿನ ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟ್ ಇಟ್ಟಿದ್ರು, ಐಪಿಎಲ್ ಥರಾನೇ ಹರಾಜು ಬೇರೆ. ಒಟ್ಟು ಆರು ಟೀಮ್, ಒಂದೊಂದು ಟೀಮಿಗೆ 1000 ಪಾಯಿಂಟ್. ದುಡ್ಡು ಗಿಡ್ಡು ಏನೂ ಇಲ್ಲ, ಬರೀ ಪಾಯಿಂಟ್. ಅದರಲ್ಲೇ ಹದಿಮೂರು ಆಟಗಾರರನ್ನು ತಗೋಬೇಕು.

ನಾವು ಇಂಜಿನಿಯರಿಂಗ್ ಓದ್ತಿರೋರಲ್ವಾ, ಲೆಕ್ಕ ನಮಗೇ ಚೆನ್ನಾಗಿ ಗೊತ್ತು ಅಂತ ಲ್ಯಾಪ್‌ಟಾಪ್ ತೆಗೆದು ಸ್ಪ್ರೆಡ್‌ಶೀಟ್ ಹಾಕಿಕೊಂಡು ಕೂತ್ವಿ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋ ಒಬ್ಬ ಅಣ್ಣ ಇದ್ರು, ಸುತ್ತಮುತ್ತಲಿನ ಹಳ್ಳಿಗಳಿಗೆಲ್ಲ ಅವರ ಸಿಕ್ಸರ್ ಫೇಮಸ್ಸು. ಅವರಿಗೇ 600 ಪಾಯಿಂಟ್ ಸುರಿದ್ವಿ. ಉಳಿದ 400ರಲ್ಲಿ ಹನ್ನೆರಡು ಜನ. ಅದರಲ್ಲಿ ಇಬ್ಬರು ಹೈಸ್ಕೂಲ್ ಹುಡುಗರು. ಭಾನುವಾರ ಬೆಳಿಗ್ಗೆ ಮಳೆ ಬಂತು. ಟೂರ್ನಮೆಂಟ್ ಮುಂದಿನ ವಾರಕ್ಕೆ ಹೋಯ್ತು. ಮುಂದಿನ ವಾರ ಆ ಅಣ್ಣನಿಗೆ ಶಿಫ್ಟ್ ಇತ್ತು, ಬರೋಕಾಗಲಿಲ್ಲ. ನಮ್ಮ 600 ಪಾಯಿಂಟ್ ಫ್ಯಾಕ್ಟರಿಯಲ್ಲಿ ಡ್ಯೂಟಿ ಮಾಡ್ತಿತ್ತು, ನಾವು ಮೊದಲನೇ ಮ್ಯಾಚಿನಲ್ಲೇ ಸೋತು ಕೊಬ್ಬರಿ ಮಿಠಾಯಿ ತಿಂತಾ ಕೂತಿದ್ವಿ.

ನಕ್ಕು ಮರೆತುಬಿಡಬಹುದಾದ ಕಥೆ. ಆದರೆ ಬೆಂಗಳೂರು ಎಫ್‌ಸಿ ಅಭಿಮಾನಿಗಳಾದ ನಮಗೆ 2025ರಲ್ಲಿ ಆಗಿದ್ದನ್ನು ಅರ್ಥ ಮಾಡಿಕೊಳ್ಳೋಕೆ ಈ ಕಥೆ ಸಹಾಯಕ್ಕೆ ಬಂತು. ಟೀಮ್ ಕಟ್ಟೋದು ಅಂದ್ರೆ ಒಳ್ಳೆ ಆಟಗಾರರನ್ನು ಹುಡುಕೋದಷ್ಟೇ ಅಲ್ಲ. ಇರೋ ದುಡ್ಡನ್ನು ಹೇಗೆ ಹಂಚ್ತೀವಿ, ಆಟ ಯಾವಾಗ ನಡೆಯತ್ತೆ, ನಡೀದೇ ಹೋದ್ರೆ ನಷ್ಟ ಯಾರದ್ದು ಅನ್ನೋ ಮೂರು ಪ್ರಶ್ನೆಗೂ ಮೊದಲೇ ಉತ್ತರ ಇರಬೇಕು. ನಮ್ಮ ದೇಶದ ಫುಟ್‌ಬಾಲ್ ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ ಬರೆದಿಟ್ಟುಕೊಂಡಿದೆ ಅನ್ನೋದು ನಮ್ಮ ವಾದ.

ಮೊದಲು ಎಲ್ಲರಿಗೂ ಗೊತ್ತಿರೋ ಕಡೆಯಿಂದ ಶುರು ಮಾಡೋಣ. 2024ರ ನವೆಂಬರ್ 24 ಮತ್ತು 25ರಂದು ಜೆಡ್ಡಾದಲ್ಲಿ ಐಪಿಎಲ್ ದೊಡ್ಡ ಹರಾಜು ನಡೀತು. ಪ್ರತಿ ತಂಡಕ್ಕೂ ಒಟ್ಟು 120 ಕೋಟಿ. ಆರ್‌ಸಿಬಿ ಮೂರೇ ಜನರನ್ನು ಉಳಿಸಿಕೊಂಡಿತ್ತು: ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11 ಕೋಟಿ, ಯಶ್ ದಯಾಳ್ 5 ಕೋಟಿ. ಕೈಯಲ್ಲಿ ಉಳಿದದ್ದು 83 ಕೋಟಿ. ಆ ಎರಡು ದಿನ ನಮ್ಮ ಹಾಸ್ಟೆಲ್‌ನಲ್ಲಿ ಬೈಗುಳದ ಮಳೆ. ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದ್ರು, ನಮ್ಮವರು ಬಿಟ್ಟುಬಿಟ್ರು. ಸಿರಾಜ್ ಗುಜರಾತ್ ಪಾಲಾದ್ರು. "ಇವರಿಗೆ ಹರಾಜು ಮಾಡೋಕೇ ಬರಲ್ಲ ಗುರು" ಅಂತ ನಾವೂ ಸ್ಟೇಟಸ್ ಹಾಕಿದ್ವಿ. ಆದರೆ ಅವರು ಒಂದು ಹೆಸರಿಗೆ ಪೂರ್ತಿ ಪರ್ಸ್ ಸುರಿಯಲಿಲ್ಲ. ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ, ಹೀಗೆ ಹಂಚಿಕೊಂಡು ಹೋದ್ರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಗೆದ್ದಾಗ ಫೈನಲ್‌ನ ಪಂದ್ಯಶ್ರೇಷ್ಠ ಅದೇ ಕೃಣಾಲ್. ನಮ್ಮ ಸ್ಟೇಟಸ್‌ಗಳನ್ನು ಯಾರೂ ಸ್ಕ್ರೀನ್‌ಶಾಟ್ ಇಟ್ಟುಕೊಂಡಿಲ್ಲ ಅಂತ ನಂಬಿದ್ದೀವಿ.

ಫುಟ್‌ಬಾಲ್‌ನಲ್ಲಿ ಹರಾಜು ಇಲ್ಲ. ಕ್ರಿಕೆಟ್ ಮಾತ್ರ ನೋಡಿ ಬೆಳೆದವರಿಗೆ ಇದು ಮೊದಲು ವಿಚಿತ್ರ ಅನ್ನಿಸತ್ತೆ. ಇಲ್ಲಿ ಆಟಗಾರ ಮತ್ತು ಕ್ಲಬ್ ನಡುವೆ ನೇರವಾಗಿ ಕರಾರು. ಫಿಫಾ ನಿಯಮದ ಪ್ರಕಾರ ಕರಾರು ಕನಿಷ್ಠ ಆ ಸೀಸನ್ ಮುಗಿಯೋವರೆಗೆ ಇರಬೇಕು, ಗರಿಷ್ಠ ಐದು ವರ್ಷ. ಕರಾರಿನ ಮಧ್ಯೆ ಬೇರೆ ಕ್ಲಬ್‌ಗೆ ಬೇಕು ಅಂದ್ರೆ ಇರೋ ಕ್ಲಬ್‌ಗೆ ವರ್ಗಾವಣೆ ಶುಲ್ಕ ಕೊಡಬೇಕು. ಕರಾರು ಮುಗಿದರೆ ಆಟಗಾರ ಸ್ವತಂತ್ರ, ಶುಲ್ಕ ಇಲ್ಲ. ಕೊನೆಯ ಆರು ತಿಂಗಳಿದ್ದಾಗಲೇ ಅವನು ಬೇರೆ ಕ್ಲಬ್ ಜೊತೆ ಸಹಿ ಮಾಡಬಹುದು. ಈ ಸ್ವಾತಂತ್ರ್ಯ ಸುಮ್ಮನೆ ಸಿಕ್ಕಿದ್ದಲ್ಲ. ಬೆಲ್ಜಿಯಂನ ಬೋಸ್ಮನ್ ಅನ್ನೋ ಆಟಗಾರ ಕೋರ್ಟಿಗೆ ಹೋಗಿ ಜಗಳ ಆಡಿದ ಮೇಲೆ, 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಬಂದದ್ದು. ಅದಕ್ಕೂ ಮೊದಲು ಕರಾರು ಮುಗಿದಿದ್ರೂ ಹಳೇ ಕ್ಲಬ್ ದುಡ್ಡು ಕೇಳಿ ತಡೆದು ನಿಲ್ಲಿಸಬಹುದಿತ್ತು.

ಇದರ ಮೇಲೆ ನಮ್ಮ ಇಂಡಿಯನ್ ಸೂಪರ್ ಲೀಗ್ ಒಂದು ಸೂರು ಹಾಕಿದೆ, ಅದೇ ಸ್ಯಾಲರಿ ಕ್ಯಾಪ್. ಹಲವು ಸೀಸನ್ ಅದು 16.5 ಕೋಟಿ ಇತ್ತು. ಒಬ್ಬ ಆಟಗಾರನಿಗಲ್ಲ, ಇಡೀ ತಂಡಕ್ಕೆ. ಕೊಹ್ಲಿ ಒಬ್ಬರ 21 ಕೋಟಿಗಿಂತ ಕಡಿಮೆ. ಅದರಲ್ಲೇ ಆರು ವಿದೇಶಿ ಆಟಗಾರರು, ಅವರಲ್ಲಿ ಒಮ್ಮೆಗೆ ನಾಲ್ಕೇ ಜನ ಮೈದಾನದಲ್ಲಿ. ಉಳಿದವರೆಲ್ಲ ಭಾರತದವರು. ಮೂವತ್ತು ಜನರ ತಂಡ ಅಂತ ಇಟ್ಟುಕೊಂಡು ಭಾಗಿಸಿದರೆ ತಲಾ 55 ಲಕ್ಷ. ಆದರೆ ಸರಾಸರಿ ಅನ್ನೋದು ಎಷ್ಟು ಮೋಸದ ಸಂಖ್ಯೆ ಅಂತ ಇಂಟರ್ನಲ್ಸ್ ಮಾರ್ಕ್ಸ್ ನೋಡಿದ ಯಾರಿಗಾದ್ರೂ ಗೊತ್ತು. ಮೇಲಿನ ಏಳೆಂಟು ಜನರ ಸಂಬಳ ಕಳೆದ ಮೇಲೆ ಕೆಳಗಿನ ಹುಡುಗರಿಗೆ ಉಳಿಯೋದು ಬೇರೆಯೇ ಲೆಕ್ಕ. ಮರಳವಾಡಿಯಲ್ಲಿ ನಮ್ಮ ಹನ್ನೆರಡು ಜನಕ್ಕೆ ಉಳಿದ 400 ಪಾಯಿಂಟ್ ಥರ.

ಈ ಸೂರಿನ ಕೆಳಗೆ ಟೀಮ್ ಕಟ್ಟೋದು ಎಷ್ಟು ಕಷ್ಟ ಅನ್ನೋದಕ್ಕೆ ಬೆಂಗಳೂರು ಎಫ್‌ಸಿಯ ಮೂರು ವರ್ಷ ನೋಡಿ. 2022ರಲ್ಲಿ ರಾಯ್ ಕೃಷ್ಣ, ಸಂದೇಶ್ ಜಿಂಗನ್, ಹಾವಿ ಹೆರ್ನಾಂಡೆಸ್, ಪ್ರಬೀರ್ ದಾಸ್, ಎಲ್ಲ ಒಟ್ಟಿಗೆ ಬಂದ್ರು. ಡುರಾಂಡ್ ಕಪ್ ಬಂತು. 2023ರ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತ್ವಿ. ಬೇಸಿಗೆ ಬಂತು, ಕೃಷ್ಣ ಒಡಿಶಾಗೆ, ಜಿಂಗನ್ ಗೋವಾಗೆ, ಪ್ರಬೀರ್ ಕೇರಳಕ್ಕೆ. ಮುಂದಿನ ಸೀಸನ್ 2023-24ರಲ್ಲಿ ನಾವು ಹತ್ತನೇ ಸ್ಥಾನ. ಆಮೇಲೆ 2024ರ ಬೇಸಿಗೆಯಲ್ಲಿ ಮತ್ತೆ ಕಟ್ಟಿದ್ರು. ಮುಂಬೈ ಸಿಟಿಯಿಂದ ನೊಗೆರಾ, ಪೆರೇರಾ ಡಿಯಾಸ್. ಅಲ್ಲಿಂದಲೇ ರಾಹುಲ್ ಭೆಕೆ ವಾಪಸ್ಸು. 2019ರ ಫೈನಲ್‌ನಲ್ಲಿ 117ನೇ ನಿಮಿಷದಲ್ಲಿ ತಲೆ ಕೊಟ್ಟು ನಮಗೆ ಕಪ್ ತಂದುಕೊಟ್ಟ ಅದೇ ಭೆಕೆ. ಸ್ಪೇನಿನ ಎಡ್ಗರ್ ಮೆಂಡೆಸ್ ಬಂದ್ರು. ನಲವತ್ತು ದಾಟಿದ ಸುನಿಲ್ ಛೆಟ್ರಿ ಆ ಸೀಸನ್ 14 ಗೋಲ್ ಹೊಡೆದ್ರು. ಹತ್ತನೇ ಸ್ಥಾನದಲ್ಲಿದ್ದ ತಂಡ ಒಂದೇ ವರ್ಷದಲ್ಲಿ ಫೈನಲ್‌ಗೆ ಹೋಯ್ತು. 2025ರ ಏಪ್ರಿಲ್ 12, ಕೋಲ್ಕತ್ತಾದ ಸಾಲ್ಟ್ ಲೇಕ್, ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲು. ಅವತ್ತು ರಾತ್ರಿ ನಾವು ಊಟ ಮಾಡಲಿಲ್ಲ. ಆದರೂ ಒಂದು ಧೈರ್ಯ ಇತ್ತು: ಈ ಸಲದ ಆಫ್-ಸೀಸನ್‌ನಲ್ಲಿ ಒಬ್ಬಿಬ್ಬರು ಬಂದ್ರೆ ಸಾಕು, ಮುಂದಿನ ಸಲ ಕಪ್ ನಮ್ದೇ.

ಆ ಆಫ್-ಸೀಸನ್ ಮುಗಿಯಲೇ ಇಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಆಗ ಲೀಗ್ ನಡೆಸುತ್ತಿದ್ದ ಕಂಪನಿ ಎಫ್‌ಎಸ್‌ಡಿಎಲ್ ನಡುವೆ 2010ರಲ್ಲಿ ಹದಿನೈದು ವರ್ಷದ ಒಪ್ಪಂದ ಆಗಿತ್ತು, ಮೊತ್ತ 700 ಕೋಟಿ. ಅದು 2025ರ ಡಿಸೆಂಬರ್‌ಗೆ ಮುಗಿಯತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಹದಿನೈದು ವರ್ಷದಿಂದ ಗೊತ್ತಿತ್ತು. ಆದರೂ ಮುಂದೇನು ಅನ್ನೋದು ಸಮಯಕ್ಕೆ ತೀರ್ಮಾನ ಆಗಲಿಲ್ಲ. 2025ರ ಜುಲೈನಲ್ಲಿ ಲೀಗ್ ತಡೆಹಿಡಿಯಲಾಗಿದೆ ಅಂತ ಕ್ಲಬ್‌ಗಳಿಗೆ ತಿಳಿಸಿದ್ರು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರೋದಾಗಿ ಪ್ರಕಟಿಸಿತು. ಯುವ ತಂಡಗಳು, ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಅಂತಲೂ ಹೇಳಿತು. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ದಿನಾಂಕ ಹೇಳಿದ್ರು, ಫೆಬ್ರವರಿ 14ಕ್ಕೆ ಲೀಗ್ ಶುರುವಾಯ್ತು. ಸಾಲ್ಟ್ ಲೇಕ್ ಫೈನಲ್‌ನಿಂದ ಲೆಕ್ಕ ಹಾಕಿದರೆ ಹತ್ತು ತಿಂಗಳು. ಮಧ್ಯದಲ್ಲಿ ಸೂಪರ್ ಕಪ್ ಬಿಟ್ಟರೆ ದೊಡ್ಡದು ಅನ್ನೋ ಆಟ ಇರಲಿಲ್ಲ.

ಇಲ್ಲಿ ನಾವು ಕ್ಲಬ್‌ನ್ನು ಖಳನಾಯಕ ಮಾಡೋಕೆ ಹೊರಟಿಲ್ಲ. ಲೀಗ್ ಇಲ್ಲ ಅಂದ್ರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ಪ್ರಸಾರದ ಪಾಲಿಲ್ಲ. ಮಾಲೀಕರು ವರ್ಷ ವರ್ಷ ಕೈಯಿಂದ ಹಾಕ್ತಿದ್ದಾರೆ ಅನ್ನೋದೂ ಸುಳ್ಳಲ್ಲ. 2013ರಲ್ಲಿ ಶುರುವಾಗಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಗಿ, ಕಂಠೀರವ ಕ್ರೀಡಾಂಗಣದಲ್ಲಿ ಕನ್ನಡದಲ್ಲಿ ಕೂಗೋದನ್ನ ನಮಗೆ ಕಲಿಸಿದ ಕ್ಲಬ್ ಅದು. ಆ ಋಣ ನಮಗಿದೆ. ಆದರೆ ಪ್ರಶ್ನೆ ಋಣದ್ದಲ್ಲ. ನಷ್ಟ ಬಂದಾಗ ಮೊದಲು ಕತ್ತರಿ ಬೀಳೋದು ಯಾವುದಕ್ಕೆ ಅನ್ನೋದು.

ಸ್ಯಾಲರಿ ಕ್ಯಾಪ್‌ನ ಉದ್ದೇಶ ಏನು? ಶ್ರೀಮಂತ ಮಾಲೀಕ ಎಲ್ಲರನ್ನೂ ಕೊಂಡುಕೊಳ್ಳದ ಹಾಗೆ ತಡೆಯೋದು, ಬಡ ಕ್ಲಬ್ ಸಾಲ ಮಾಡಿ ಮುಳುಗದ ಹಾಗೆ ಕಾಪಾಡೋದು. ಒಪ್ಪೋಣ. ಅದಕ್ಕಾಗಿ ಆಟಗಾರ ಏನು ಬಿಟ್ಟುಕೊಟ್ಟ? ಮಾರುಕಟ್ಟೆಯಲ್ಲಿ ತನಗೆ ಸಿಗಬಹುದಾಗಿದ್ದ ಮೇಲಿನ ಮೊತ್ತವನ್ನು ಬಿಟ್ಟುಕೊಟ್ಟ. ಹಾಗಾದ್ರೆ ಅದಕ್ಕೆ ಪ್ರತಿಯಾಗಿ ಕೆಳಗೆ ಒಂದು ನೆಲ ಸಿಗಬೇಕಲ್ವಾ? ಗಣಿತದ ಭಾಷೆಯಲ್ಲಿ ಹೇಳೋದಾದ್ರೆ, ಮೇಲಿನ ಮಿತಿ ಕೊಟ್ಟು ಕೆಳಗಿನ ಮಿತಿ ಕೊಡದ ಸಮಸ್ಯೆಗೆ ಸೊನ್ನೆಯೂ ಸರಿಯಾದ ಉತ್ತರವೇ. ಆಗಸ್ಟ್‌ನಲ್ಲಿ ಬಂದ ಉತ್ತರ ಅದೇ.

ಬೇರೆ ಕಡೆ ಹೇಗಿದೆ ನೋಡಿ. ಸ್ಯಾಲರಿ ಕ್ಯಾಪ್‌ಗೆ ಹೆಸರಾದ ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕ್ಯಾಪ್ ಇದೆ. 2025ಕ್ಕೆ ಒಂದೊಂದು ತಂಡಕ್ಕೆ 27.92 ಕೋಟಿ ಡಾಲರ್. ಅದನ್ನು ಮಾಲೀಕರು ತಾವೇ ಕೂತು ಬರೆದದ್ದಲ್ಲ, ಆಟಗಾರರ ಸಂಘದ ಜೊತೆ ಚೌಕಾಸಿ ಮಾಡಿ ಬರೆದದ್ದು. ಕ್ಯಾಪ್ ಜೊತೆಗೇ ಇಷ್ಟಾದರೂ ಖರ್ಚು ಮಾಡಲೇಬೇಕು ಅನ್ನೋ ಕನಿಷ್ಠ ಮಿತಿಯೂ ಇದೆ, ಹೊಸ ಹುಡುಗನಿಗೆ ಕನಿಷ್ಠ ಸಂಬಳವೂ ಇದೆ. ಅಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಅಲ್ಲಿ ಕರಾರಿನ ಪೂರ್ತಿ ಮೊತ್ತಕ್ಕೆ ಖಾತ್ರಿ ಇರೋದು ಕಡಿಮೆ, ಮಧ್ಯದಲ್ಲೇ ಮನೆಗೆ ಕಳಿಸಬಹುದು. ಅದಕ್ಕೇ ಅಲ್ಲಿನ ಆಟಗಾರರು ಸಹಿ ಮಾಡುವಾಗ ಒಟ್ಟು ಮೊತ್ತಕ್ಕಿಂತ ಖಾತ್ರಿ ಮೊತ್ತ ಎಷ್ಟು ಅಂತ ಮೊದಲು ಕೇಳ್ತಾರೆ. ದೂರದ ಅಮೆರಿಕ ಬೇಡ, ನಮ್ಮ ಐಪಿಎಲ್‌ನಲ್ಲೇ ತಂಡಗಳು ಪರ್ಸ್‌ನ 75 ಪರ್ಸೆಂಟ್ ಆದರೂ ಖರ್ಚು ಮಾಡಬೇಕು ಅನ್ನೋ ನಿಯಮ ಇದೆ.

ಫಿಫಾ ನಿಯಮದಲ್ಲೂ ರಕ್ಷಣೆ ಇದೆ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ, ಆಟಗಾರ ಕ್ಲಬ್‌ಗೆ 15 ದಿನದ ನೋಟಿಸ್ ಕೊಟ್ಟು, ಆಗಲೂ ಕೊಡದಿದ್ದರೆ ಕರಾರು ಮುರಿದುಕೊಂಡು ಹೋಗಬಹುದು. ಕಾಗದದ ಮೇಲೆ ಚೆಂದ. ಆದರೆ ಹೋಗೋದು ಎಲ್ಲಿಗೆ? ಒಂದು ಕ್ಲಬ್ ಕೊಡದಿದ್ದರೆ ಇನ್ನೊಂದು ಕ್ಲಬ್‌ಗೆ ಹೋಗಬಹುದು. ಲೀಗೇ ನಿಂತಾಗ? ವಿದೇಶಿ ಆಟಗಾರನಿಗೆ ಬೇರೆ ದೇಶ ಇದೆ. ಛೆಟ್ರಿಯಂಥವರಿಗೆ ಹೆಸರಿದೆ, ಉಳಿತಾಯ ಇದೆ. ಮಣಿಪುರದಿಂದಲೋ ಮಿಜೋರಾಂನಿಂದಲೋ ಬಂದು, ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸ್ತಾ, ಬೆಂಚ್ ಮೇಲೆ ಕೂತು ಕಾಯ್ತಿರೋ ಇಪ್ಪತ್ತರ ಹುಡುಗನಿಗೆ ಏನಿದೆ? ಅವನು ನಮ್ಮ ವಯಸ್ಸಿನವನು.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಬಾಲ್ ಒದ್ದು ಬೆಳೆದವರಿಗೆ ಒಂದು ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡ ಇತ್ತು. ಆಟದಿಂದ ಕೋಟಿ ಸಿಗ್ತಿರಲಿಲ್ಲ, ಆದರೆ ಕೆಲಸ ಸಿಗ್ತಿತ್ತು. ಮಂಡಿ ಮುರಿದ್ರೂ ತಿಂಗಳ ಕೊನೆಗೆ ಸಂಬಳ, ವಯಸ್ಸಾದ ಮೇಲೆ ಪಿಂಚಣಿ. ಸೂರು ತುಂಬಾ ಕೆಳಗಿತ್ತು, ನೆಲ ಮಾತ್ರ ಗಟ್ಟಿ ಇತ್ತು. ಆ ಕಾಲ ವಾಪಸ್ ಬರಲಿ ಅಂತ ನಾವು ಕೇಳ್ತಿಲ್ಲ. ವೃತ್ತಿಪರ ಲೀಗ್ ಬೇಕು. ಹೊಸ ಸೂರು ಎತ್ತುವಾಗ ಹಳೇ ನೆಲ ಯಾಕೆ ಕಿತ್ತುಹಾಕಿದ್ರಿ ಅಂತ ಕೇಳ್ತಿದ್ದೀವಿ ಅಷ್ಟೇ.

ಮತ್ತೆ ಮರಳವಾಡಿಗೆ ಬರೋಣ. ನಮ್ಮ ಗೆಳೆಯನ ಮನೆಯವರು ರೇಷ್ಮೆ ಬೆಳೆಯೋರು. ಮ್ಯಾಚ್ ಸೋತ ದಿನ ಸಾಯಂಕಾಲ ಜಗಲಿ ಮೇಲೆ ಕೂತು ಫುಟ್‌ಬಾಲ್ ಸಂಬಳದ ಕಥೆ ಮಾತಾಡ್ತಿದ್ವಿ. ಗೆಳೆಯನ ಅಪ್ಪ ಸೊಪ್ಪು ಕತ್ತರಿಸಿಕೊಂಡು ಕೇಳಿಸ್ಕೊಳ್ತಿದ್ರು. ರಾಮನಗರದ ಗೂಡಿನ ಮಾರುಕಟ್ಟೆಗೆ ವರ್ಷಗಟ್ಟಲೆ ಗೂಡು ಹಾಕಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣ್ರಪ್ಪ, ಆಟಗಾರ್ನ ತಗೊಳೋಕ್ ಮುಂಚೆ ಆ ಯಜಮಾನ್ರು ಎಲ್ಲೂ ದುಡ್ಡು ಕಟ್ಟಂಗಿಲ್ವಾ?"

ಇಲ್ಲ ಅಂಕಲ್ ಅಂದ್ವಿ. ಅವರು ನಕ್ಕುಬಿಟ್ರು. ಗೂಡಿನ ಹರಾಜಿನಲ್ಲಿ ಕೂಗಬೇಕಾದ್ರೆ ರೀಲರ್ ಹತ್ರ ಲೈಸೆನ್ಸ್ ಇರಬೇಕು, ಮಾರುಕಟ್ಟೆಯ ಖಾತೆಯಲ್ಲಿ ಮೊದಲೇ ದುಡ್ಡಿರಬೇಕು. ಬೆಲೆ ಒಪ್ಪದಿದ್ರೆ ಕೊಡಲ್ಲ ಅನ್ನೋ ಹಕ್ಕು ರೈತನಿಗಿದೆ. "ದುಡ್ ಇಲ್ದೆ ಗೂಡ್ ಮುಟ್ಟಂಗಿಲ್ಲ" ಅಂದ್ರು. ಆ ಮಾರುಕಟ್ಟೆಯಲ್ಲೂ ರೈತರ ತಕರಾರು ನೂರೆಂಟಿದೆ, ಬೆಲೆ ಬಿದ್ದಾಗ ಅಳೋರೂ ಇದ್ದಾರೆ. ಆದರೂ ಕೊಳ್ಳೋನು ಮೊದಲು ದುಡ್ಡು ತೋರಿಸಬೇಕು ಅನ್ನೋ ಸರಳ ನಿಯಮ ಗೂಡಿಗಿದೆ, ಗೋಲ್‌ಕೀಪರ್‌ಗಿಲ್ಲ.

ಆದ್ದರಿಂದ ನಾವು ಕೇಳೋದು ದೊಡ್ಡದೇನಲ್ಲ, ನಾಲ್ಕು ಮಾತು.

ಮೊದಲನೇದು, ಕ್ಲಬ್‌ಗೆ ಲೈಸೆನ್ಸ್ ಕೊಡುವಾಗಲೇ ಮೂರು ತಿಂಗಳ ಸಂಬಳದಷ್ಟು ಹಣವನ್ನು ಬ್ಯಾಂಕ್ ಗ್ಯಾರಂಟಿಯಾಗಿ ಇಡಿಸಿಕೊಳ್ಳಬೇಕು. ಲೀಗ್ ನಿಂತರೂ, ಮಾಲೀಕರು ಬದಲಾದರೂ ಅದು ಆಟಗಾರರು ಮತ್ತು ಸಿಬ್ಬಂದಿಗೆ ಸೇರಬೇಕು. ಕಿಟ್ ಒಗೆಯೋರು, ಫಿಸಿಯೋ ಇವರನ್ನೂ ಸೇರಿಸಿಯೇ ಹೇಳ್ತಿದ್ದೀವಿ.

ಎರಡನೇದು, ಕ್ಯಾಪ್ ಎಷ್ಟೇ ಇರಲಿ, ಅದರ ಪಕ್ಕದಲ್ಲೇ ಕನಿಷ್ಠ ಖರ್ಚು ಮತ್ತು ಕನಿಷ್ಠ ಸಂಬಳವನ್ನೂ ಬರೀರಿ. ಇದರಿಂದ ಸಣ್ಣ ಕ್ಲಬ್‌ಗೆ ಹೊರೆ ಆಗತ್ತೆ ಅನ್ನೋ ಆಕ್ಷೇಪ ಸರಿಯೇ. ಹಾಗಾದ್ರೆ ಕ್ಯಾಪ್ ಇನ್ನೂ ಸ್ವಲ್ಪ ಇಳಿಸಿ. ನಾಲ್ಕು ದೊಡ್ಡ ಹೆಸರು ಕಡಿಮೆ ಆಗಲಿ, ಇಪ್ಪತ್ತು ಹುಡುಗರ ಸಂಬಳ ಖಾತ್ರಿ ಆಗಲಿ. ಅಭಿಮಾನಿಗಳಾಗಿ ನಾವು ಈ ಬೆಲೆ ಕೊಡೋಕೆ ತಯಾರಿರಬೇಕು.

ಮೂರನೇದು, ಲೀಗ್ ತಡವಾದರೆ ಏನು ಅನ್ನೋದು ಕರಾರಿನಲ್ಲೇ ಇರಲಿ. ಎಷ್ಟು ತಿಂಗಳು ಪೂರ್ತಿ, ಆಮೇಲೆ ಎಷ್ಟು ಭಾಗ, ಯಾವಾಗ ಆಟಗಾರ ಬಿಟ್ಟು ಹೋಗಬಹುದು. ಸಹಿ ಹಾಕುವಾಗ ಇಬ್ಬರಿಗೂ ಗೊತ್ತಿದ್ದರೆ ಆಮೇಲೆ ಪ್ರಕಟಣೆ ಓದಿ ಬೆಚ್ಚಿಬೀಳೋದು ತಪ್ಪತ್ತೆ.

ನಾಲ್ಕನೇದು, ಈ ನಿಯಮ ಬರೆಯೋ ಮೇಜಿನಲ್ಲಿ ಆಟಗಾರರ ಸಂಘಕ್ಕೂ ಒಂದು ಕುರ್ಚಿ ಕೊಡಿ. ಸಂಘ ಇದೆ. ಕರೀಬೇಕು ಅಷ್ಟೇ.

ನಮ್ಮ ತಪ್ಪೂ ಇದೆ. ಪ್ರತಿ ಬೇಸಿಗೆ ನಾವು ಕಾಯೋದು ಹೊಸ ಆಟಗಾರನ ಪೋಸ್ಟರ್‌ಗೆ. "ಸ್ಟ್ರೈಕರ್ ಎಲ್ಲಿ?" ಅಂತ ಕಾಮೆಂಟ್ ಹಾಕೋ ನಾವು, ಇರೋ ಆಟಗಾರರಿಗೆ ಸಂಬಳ ಬಂತಾ ಅಂತ ಒಂದು ಸಲವೂ ಕೇಳಿರಲಿಲ್ಲ. ನಮಗೆ ಆಟಗಾರ ಅಂದ್ರೆ ಸ್ಪ್ರೆಡ್‌ಶೀಟ್‌ನ ಒಂದು ಸಾಲು, ವಿಡಿಯೋ ಗೇಮ್‌ನ ಒಂದು ರೇಟಿಂಗ್. ಮರಳವಾಡಿಯ ಆ ಅಣ್ಣನ ಮೇಲೂ ನಾವು ಮುನಿಸಿಕೊಂಡಿದ್ವಿ, ಡ್ಯೂಟಿ ಬಿಟ್ಟು ಬರಬಹುದಿತ್ತಲ್ಲ ಅಂತ. ಒಂದು ದಿನದ ಸಂಬಳ ಹೋಗತ್ತೆ ಅನ್ನೋದು ನಮಗೆ ಹೊಳೆದಿದ್ದೇ ವಾಪಸ್ ಬರೋ ಬಸ್ಸಿನಲ್ಲಿ.

ಇದೆಲ್ಲ ನಮಗ್ಯಾಕೆ, ನಾವೇನು ಫುಟ್‌ಬಾಲ್ ಆಡ್ತೀವಾ ಅಂತ ಕೇಳೋರಿಗೆ ಕೊನೇ ಮಾತು. ನಮ್ಮ ಹಾಸ್ಟೆಲ್ ಮೂರನೇ ಮಹಡಿಯಲ್ಲಿದ್ದ ಒಬ್ಬ ಸೀನಿಯರ್‌ಗೆ ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ತು. ಸ್ವೀಟ್ ಹಂಚಿದ್ರು. ಆಫರ್ ಲೆಟರ್ ಬಂತು, ಸೇರೋ ದಿನಾಂಕ ಬರಲಿಲ್ಲ. ಒಂದು ಮೇಲ್ ಬಂತು: ಮುಂದೂಡಲಾಗಿದೆ, ಮುಂದೆ ತಿಳಿಸುತ್ತೇವೆ. ಎಂಟು ತಿಂಗಳು ಮನೆಯಲ್ಲಿ ಕೂತಿದ್ರು. ಬೇರೆ ಕಡೆ ಇಂಟರ್‌ವ್ಯೂಗೆ ಹೋಗೋಕೂ ಭಯ, ಕಾಯೋಕೂ ಭಯ. ಅವರ ಆಫರ್ ಲೆಟರ್‌ನಲ್ಲಿ ಅವರು ಬಿಟ್ಟು ಹೋದರೆ ಎಷ್ಟು ಕಟ್ಟಬೇಕು ಅಂತ ಬರೆದಿತ್ತು. ಕಂಪನಿ ಕರೀದೇ ಇದ್ರೆ ಏನು ಅಂತ ಬರೆದಿರಲಿಲ್ಲ.

ಇನ್ನೆರಡು ವರ್ಷಕ್ಕೆ ನಮ್ಮ ಕೈಗೂ ಅಂಥ ಕಾಗದ ಬರತ್ತೆ. ಆಗ ಪ್ಯಾಕೇಜ್ ಎಷ್ಟು ಅಂತ ನೋಡಿದ ಮೇಲೆ ಪುಟ ತಿರುಗಿಸಿ, ಕೆಳಗಿನ ಸಾಲುಗಳನ್ನೂ ಓದೋಣ. ಅಲ್ಲಿವರೆಗೆ ಈ ಬೇಸಿಗೆ ಪೋಸ್ಟರ್‌ಗಳ ಕೆಳಗೆ ಒಂದೊಂದು ಪ್ರಶ್ನೆ ಕನ್ನಡದಲ್ಲೇ ಹಾಕೋಣ: ಹೊಸಬರು ಬಂದಿದ್ದು ಸಂತೋಷ, ಹಳಬರ ಸಂಬಳ ಬಂತಾ? ಒಪ್ಪದವರು ಸಂಜೆ ಐದಕ್ಕೆ ಕ್ಯಾಂಟೀನ್ ಹತ್ರ ಸಿಗಿ, ಟೀ ಕುಡೀತಾ ಜಗಳ ಆಡೋಣ. ಟೀ ದುಡ್ಡು ಮಾತ್ರ ಮೊದಲೇ ಇಟ್ಟಿರಬೇಕು.